ಬಾಯಿ ಕಟ್ಟಿದವನ ಬಾಯಿ

ಕೊಣನೂರಿನ ಪೋಸ್ಟ್‌ಮ್ಯಾನ್ ದ್ಯಾವಯ್ಯನಿಗೆ ಸಕ್ಕರೆ ಕಾಯಿಲೆ ಶುರುವಾಗಿ ನಾಲ್ಕು ವರ್ಷವಾಗಿತ್ತು. ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯ ಹೊತ್ತಿಗೆ ಅವನು ಬಿಡದೆ ಉಳಿದ ಪದಾರ್ಥವೇ ಇರಲಿಲ್ಲ. ಕಾಫಿಗೆ ಬೆಲ್ಲ ಹಾಕುವುದು ಬಿಟ್ಟ, ಆಮೇಲೆ ಕಾಫಿಯನ್ನೇ ಬಿಟ್ಟ. ಎರಡು ಮುದ್ದೆ ಉಣ್ಣುತ್ತಿದ್ದವನು ಅರ್ಧಕ್ಕಿಳಿದ. ಕಾಗದ ಕೊಡಲು ಹೋದ ಮದುವೆಮನೆಯಲ್ಲಿ ಊಟಕ್ಕೆ ಕರೆದರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ದಿನಾ ಬೆಳಿಗ್ಗೆ ಹೆಂಡತಿ ಮಾರಮ್ಮ ಕುದಿಸಿಕೊಟ್ಟ ಗಾಜಿನ ಸಿರಿಂಜಿನಲ್ಲಿ ತನ್ನ ತೊಡೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ.

ಆದರೂ ಅರಕಲಗೂಡಿನ ಡಾಕ್ಟರು ಚಂದ್ರಶೇಖರಯ್ಯನವರು ಅವನ ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿದಾಗಲೆಲ್ಲ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಇರಬೇಕು. ಸ್ವಲ್ಪ ಇದ್ದರೆ ಹಸಿರು.

“ಕದ್ದು ತಿಂತಿದ್ದೀಯ,” ಎನ್ನುತ್ತಿದ್ದರು ಡಾಕ್ಟರು.

“ಇಲ್ಲ ಸಾ.”

“ನೀನು ಸುಳ್ಳು ಹೇಳ್ಬೋದು, ಇದು ಹೇಳಲ್ಲ.” ಗಾಜಿನ ನಳಿಕೆ ಎತ್ತಿ ತೋರಿಸಿ, ಇನ್ಸುಲಿನ್ ಇನ್ನಷ್ಟು ಏರಿಸುತ್ತಿದ್ದರು.

ಕೊನೆಗೆ ಮಾರಮ್ಮನೂ ಬೆಲ್ಲದ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. “ಎಂಟಳ್ಳಿ ತಿರುಗ್ತೀರಿ. ಯಾರ ಮನೇಲಿ ಏನು ಕೊಡ್ತಾರೋ, ನಾನೇನು ನಿಮ್ಮ ಇಂದೆ ಬತ್ತೀನಾ?” ಅಂದಳು. ಡಾಕ್ಟರ ಮಾತಿಗಿಂತ ಈ ಮಾತು ಅವನನ್ನು ಹೆಚ್ಚು ಸುಟ್ಟಿತು.

ಈ ನಡುವೆ ಅವನ ಬಾಯಿಯೂ ಕೆಟ್ಟಿತ್ತು. ಬೇವಿನ ಕಡ್ಡಿ ತಾಗಿಸಿದರೆ ರಕ್ತ, ವಸಡು ಒತ್ತಿದರೆ ಕೀವು. ಮೂರು ಹಲ್ಲು ಅಲ್ಲಾಡುತ್ತಿದ್ದವು. ಕಾಗದ ಈಸಿಕೊಳ್ಳುವವರು ಬಾಯಿನಾತಕ್ಕೆ ಮುಖ ತಿರುಗಿಸಿ ಕೈ ಮಾತ್ರ ಚಾಚುತ್ತಿದ್ದರು. ರಜೆ ಹಾಕಿ ಹಾಸನದ ಹಲ್ಲಿನ ಡಾಕ್ಟರ ಬಳಿ ಹೋದ. ಸಕ್ಕರೆಯ ವಿಷಯ ಕೇಳಿದ್ದೇ ಅವರು ಇಕ್ಕಳ ಕೆಳಗಿಟ್ಟರು.

“ಮೊದಲು ಸಕ್ಕರೆ ಇಳಿಸ್ಕೊಂಡು ಬನ್ನಿ. ಈಗ ಕಿತ್ತರೆ ಗಾಯ ಮಾಯೋಲ್ಲ.”

ಅರಕಲಗೂಡಿಗೆ ಬಂದು ಹೇಳಿದರೆ ಚಂದ್ರಶೇಖರಯ್ಯನವರು, “ಹಲ್ಲಿನ ಮಾತು ಆಮೇಲೆ. ಮೊದಲು ಬಾಯಿ ಕಟ್ಟು,” ಎಂದರು.

ಹೀಗೆ ಮೂರು ಸಲ ಓಡಾಡಿದ. ರಜೆ ಮುಗಿಯಿತು, ವಸಡು ಇನ್ನಷ್ಟು ಊದಿತು. ಊರಿಗೆಲ್ಲ ಕಾಗದ ಹಂಚುವ ತನಗಾಗಿ ಈ ಇಬ್ಬರು ಓದಿದವರು ಒಬ್ಬರಿಗೊಬ್ಬರು ಒಂದು ಸಾಲು ಬರೆಯಲಾರರಲ್ಲ ಎಂದು ಅವನಿಗೆ ರೋಸಿಹೋಯಿತು. ನಾಲ್ಕನೆಯ ಸಲ ಡಾಕ್ಟರು ಮತ್ತೆ ಕದ್ದು ತಿನ್ನುವ ಮಾತೆತ್ತಿದಾಗ ಅವನು ಬೆಂಚು ಬಿಟ್ಟು ಏಳಲಿಲ್ಲ.

“ಅಂಗಾದ್ರೆ ನನ್ನ ಇಲ್ಲೇ ಮಡೀಕಳಿ ಸಾ. ನೀವು ಕೊಟ್ಟಿದ್ದೇ ತಿಂತೀನಿ. ಬೇಕಾರೆ ಬಾಗ್ಲಿಗೆ ಬೀಗ ಆಕ್ಕಳಿ.”

ಸುಳ್ಳು ಬಯಲಾಗಲಿ ಎಂದೇ ಡಾಕ್ಟರು ಒಪ್ಪಿದರು. ಹಿಂದಿನ ಕೋಣೆಯಲ್ಲಿ ಮಂಚ ಕೊಟ್ಟರು. ನರ್ಸ್ ಬಸವಲಿಂಗಮ್ಮ ಗೋಧಿ ಗಂಜಿ, ಬೇಯಿಸಿದ ಸೊಪ್ಪು ತಂದು, ಉಂಡು ಮುಗಿಸುವವರೆಗೂ ಎದುರಿಗೇ ನಿಲ್ಲುತ್ತಿದ್ದಳು. ದಿಂಬಿನ ಅಡಿಯನ್ನೂ ತಡಕುತ್ತಿದ್ದಳು. ಅವಮಾನ ನುಂಗಿಕೊಂಡು ಐದು ದಿನ ಕಳೆದ. ಐದನೆಯ ದಿನ ನಳಿಕೆ ಕಾಯಿಸಿದರೆ ಅದೇ ಇಟ್ಟಿಗೆ ಬಣ್ಣ.

ಡಾಕ್ಟರು ನರ್ಸ್ ಕಡೆ ನೋಡಿದರು.

“ಹೊರಗಿಂದ ಒಂದು ಕಾಳೂ ಬಂದಿಲ್ಲ ಡಾಕ್ಟ್ರೇ,” ಎಂದಳು ಬಸವಲಿಂಗಮ್ಮ. “ದಿನಾ ದಿಂಬೆಲ್ಲ ರಕ್ತ. ಆ ಬಾಯಿ ಒಂದ್ಸಲ ನೋಡಿ.”

ನಾಲ್ಕು ವರ್ಷದಲ್ಲಿ ಮೊದಲ ಸಲ ಡಾಕ್ಟರು ಅವನ ತುಟಿ ಸರಿಸಿ ವಸಡು ಒತ್ತಿದರು. ಬೆರಳಿಗೆ ಕೀವು ಮೆತ್ತಿತು. ಎರಡು ಸಲ ಸೋಪು ಹಾಕಿ ಕೈ ತೊಳೆದರು. ಆಮೇಲೆ ಹಾಸನದ ಹಲ್ಲಿನ ಡಾಕ್ಟರಿಗೆ ಕಾಗದ ಬರೆದರು. ಬಾಯಲ್ಲಿ ಇಷ್ಟು ಕೀವಿರುವಾಗ ಸಕ್ಕರೆ ಇಳಿಯುವುದು ಕಷ್ಟ, ಹಲ್ಲು ಕೀಳಲು ಕಾಯುವುದು ಬೇಡ. ಪೆನ್ಸಿಲಿನ್ ನಾನು ಕೊಡುತ್ತೇನೆ, ಜವಾಬ್ದಾರಿ ನನ್ನದು ಎಂದು. ಆ ಕಾಗದವನ್ನು ದ್ಯಾವಯ್ಯ ತಾನೇ ಒಯ್ದು ಕೊಟ್ಟ.

ಮೂರು ಹಲ್ಲು ಕಿತ್ತರು. ಉಳಿದವುಗಳ ಬುಡ ಕೆರೆದು ಶುಚಿ ಮಾಡಲು ನಾಲ್ಕು ಸಲ ಕರೆಸಿದರು. ಹೊತ್ತು ಹೊತ್ತಿಗೆ ಉಪ್ಪುನೀರು ಮುಕ್ಕಳಿಸಿದ. ಮೂರು ತಿಂಗಳಾದ ಮೇಲೆ ನಳಿಕೆ ಹಸಿರಾಯಿತು. ನೀಲಿಯಲ್ಲ, ಹಸಿರು. ಡಾಕ್ಟರು ಇನ್ಸುಲಿನ್ ಕೊಂಚ ಇಳಿಸಿ ಚೀಟಿ ಬರೆದರು.

“ನೋಡು, ಪಥ್ಯ ಸರಿಯಾಗಿ ಮಾಡಿದರೆ ಹೇಗೆ ಹಿಡಿತಕ್ಕೆ ಬರುತ್ತೆ.”

ದ್ಯಾವಯ್ಯ ಚೀಟಿಯ ಇಂಗ್ಲಿಷನ್ನು ವಿಳಾಸ ಓದಿದಂತೆ ಕೂಡಿಸಿಕೊಂಡು ಓದಿದ. ಪಥ್ಯದಿಂದಲೇ ಹಿಡಿತಕ್ಕೆ ಬಂತೆಂದು ಅಲ್ಲೂ ಬರೆದಿತ್ತು.

“ಪಥ್ಯ ಮೊದ್ಲಿಂದ್ಲೂ ಮಾಡ್ತಿದ್ದೆ ಸಾ. ಈ ಸಾಲು ಒಡೆದಾಕಿ.”

“ಬರೆದಾಯ್ತಲ್ಲ, ಬಿಡಪ್ಪ.”

“ಐದು ದಿನ ನೀವೇ ಕಾವಲಿದ್ರಿ.”

ಡಾಕ್ಟರು ಮುಖ ಗಂಟಿಕ್ಕಿ ಚೀಟಿ ಎಳೆದುಕೊಂಡು, ಕೆಳಗೆ ಹಲ್ಲಿನ ಚಿಕಿತ್ಸೆಯೂ ಆಯಿತೆಂದು ಒಂದು ಸಾಲು ಸೇರಿಸಿದರು. ಮೇಲಿನದನ್ನು ಹೊಡೆದು ಹಾಕಲಿಲ್ಲ. ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆದರು.

ದ್ಯಾವಯ್ಯ ಚೀಟಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಹೊರಬಂದ. ಕೊಣನೂರಿನ ಬಸ್ಸು ಆಗಲೇ ಹೊರಟುಹೋಗಿತ್ತು.