ಸೊಂಟದ ಪಟ್ಟಿಯ ಹೊಲಿಗೆ

ದರ್ಜಿ ಅಕ್ಕನಿಗೆ ಡಾಕ್ಟರು ಹೇಳಿದ್ದು ಒಂದೇ ಮಾತು: ತಮ್ಮನಿಗೆ ಕಿಡ್ನಿ ಕೊಡಬೇಕೆಂದರೆ ಮೊದಲು ಎಂಟು ಕಿಲೋ ಇಳಿಸಬೇಕು. ಅನ್ನ, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಎಲ್ಲ ಬಂದ್. ಮೊಟ್ಟೆ, ಮೀನು, ಸೊಪ್ಪು ತಿನ್ನಬಹುದು. ತಮ್ಮನದು ಇದಕ್ಕೆ ತದ್ವಿರುದ್ಧ. ಅವನ ಕೆಟ್ಟ ಕಿಡ್ನಿಗೆ ಮೊಟ್ಟೆ ಮೀನು ಭಾರ. ಆಪರೇಷನ್ನಿನವರೆಗೆ ಅವನು ಅನ್ನ ಉಂಡೇ ಮೈ ಉಳಿಸಿಕೊಳ್ಳಬೇಕು, ತೂಕ ಕಳೆದುಕೊಳ್ಳಲೇಬಾರದು.

ಒಂದೇ ಒಲೆ, ಎರಡು ಪಾತ್ರೆ. ಅನ್ನವೆಂದರೆ ಪ್ರಾಣ ಬಿಡುವ ಅಕ್ಕ ತಮ್ಮನಿಗೆ ಬಡಿಸಿ, ತನ್ನ ತಟ್ಟೆ ಹಿಡಿದು ಹೊಲಿಗೆ ಯಂತ್ರದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಕಣ್ಣಿಗೆ ಬೀಳದಿದ್ದರೆ ಸಾಕು. ಬೀಗ ರಿಪೇರಿ ಮಾಡುವ ತಮ್ಮ ಮೊದಮೊದಲು, ಮೇಷ್ಟ್ರ ಹತ್ತಿರ ಶಿಕ್ಷೆ ಪಡೆದವಳ ಹಾಗೆ ಗೋಡೆ ನೋಡುತ್ತೀಯಲ್ಲ ಎಂದು ಕಿಚಾಯಿಸುತ್ತಿದ್ದ. ಬರಬರುತ್ತಾ ಅದನ್ನೂ ಬಿಟ್ಟ.

ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಆಮೇಲೆ ತೂಕದ ಯಂತ್ರದ ಮುಳ್ಳು ಕಚ್ಚಿಕೊಂಡು ಕೂತಿತು. ಉಪವಾಸ ಬಿದ್ದರೂ ಎಪ್ಪತ್ತೆಂಟು, ಮೂರು ಮಹಡಿ ಹತ್ತಿಳಿದರೂ ಎಪ್ಪತ್ತೆಂಟು. ಐದನೇ ವಾರ ಸಿಟ್ಟು ನೆತ್ತಿಗೇರಿ ಯಂತ್ರವನ್ನು ಒದ್ದಳು. ಕಾಲ್ಬೆರಳು ಊದಿಕೊಂಡಿತೇ ಹೊರತು ಆ ಎರಡು ಕಿಲೋ ಅಲುಗಲಿಲ್ಲ.

ಅವತ್ತು ಮಧ್ಯಾಹ್ನ ತಮ್ಮನ ಪ್ಯಾಂಟಿಗೆ ಇಸ್ತ್ರಿ ಹಾಕುವಾಗ ಸೊಂಟದ ಪಟ್ಟಿಯೊಳಗೆ ಏನೋ ದಪ್ಪಗೆ ಕೈಗೆ ಸಿಕ್ಕಿತು. ತಿರುಗಿಸಿ ನೋಡಿದಳು. ಬಟ್ಟೆಯನ್ನು ಎರಡು ಇಂಚು ಒಳಗೆ ಮಡಚಿ, ಚೀಲ ಹೊಲಿಯುವ ದಾರದಲ್ಲಿ ಅಡ್ಡಾದಿಡ್ಡಿ ಹೊಲಿದಿತ್ತು. ಮನೆಯಲ್ಲೇ ದರ್ಜಿ ಇರುವಾಗ ಇವನು ಕದ್ದು ಸೂಜಿ ಹಿಡಿದಿದ್ದಾನೆ ಎಂದರೆ, ಸೊಂಟ ಸಣ್ಣಗಾದದ್ದನ್ನು ಮುಚ್ಚಿಡಲೆಂದೇ ಅಲ್ಲವೇ? ಸೀದಾ ಹೋಗಿ, ಅವನು ಊಟಕ್ಕೆ ಕೂರುವ ಜಾಗದ ಕಿಟಕಿ ತೆರೆದಳು. ಹೊರಗಿನ ಕಟ್ಟೆಯ ಮೇಲೆ ಅಗುಳು ಒಣಗಿ ಅಂಟಿತ್ತು. ಪಾರಿವಾಳಗಳು ಕೊಬ್ಬಿ, ಹಾರಲೂ ಸೋಮಾರಿಗಳಾಗಿ ಕೂತಿದ್ದವು.

"ಎಷ್ಟು ದಿನದಿಂದ ಕಣೋ?"

"ನೀನು ಆ ಕಡೆ ತಿರುಗಿ ಕೂತ್ರೂ ಜೊಲ್ಲು ನುಂಗೋದು ಕೇಳುತ್ತಕ್ಕ. ನಂಗೆ ಅನ್ನ ಇಳಿಯಲ್ಲ."

"ನಾನು ಸಣ್ಣಗಾಗಿ ಕಿಡ್ನಿ ಯಾರಿಗೆ ಕೊಡ್ಲಿ? ಪಾರಿವಾಳಕ್ಕಾ?"

ಅವನು ಕಿಟಕಿ ಮುಚ್ಚಿ ತಟ್ಟೆಯ ಮುಂದೆ ಕೂತ.

ಅವಳು ಬಿಸಿ ಅನ್ನ ಬಡಿಸಿ, ಈ ಸಲ ಅವನ ಎದುರಿಗೇ ಕೂತಳು. ಬೆನ್ನು ಮಾಡಿದರೆ ಅನ್ನ ಕಿಟಕಿಗೆ ಹೋಗುತ್ತದೆ. ಅಳತೆ ಹಿಡಿಯುವಾಗ ಮಾಡುವಂತೆ ನಾಲ್ಕು ಗುಂಡುಪಿನ್ನು ತುಟಿಯ ನಡುವೆ ಕಚ್ಚಿ ಹಿಡಿದಳು. ಆಗ ಬಾಯಿ ತೆರೆಯುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ಅವನ ಹೊಲಿಗೆ ಬಿಚ್ಚುತ್ತಾ, ಉಣ್ಣು ಎಂದು ಗದ್ದ ಎತ್ತಿ ಸನ್ನೆ ಮಾಡಿದಳು.

ಅವನು ಒಂದು ತುತ್ತು ಕಲಸಿದ. ಬಾಯಿಯವರೆಗೂ ತಂದ.

ಅನ್ನದ ಹಬೆ ಅವಳ ಮುಖಕ್ಕೆ ಬಡಿಯಿತು. ತುಟಿ ಅವಳ ಮಾತು ಕೇಳಿತು; ಒಂದು ಪಿನ್ನೂ ಅಲುಗಲಿಲ್ಲ. ಗಂಟಲು ಮಾತ್ರ ಕೇಳದೆ ಗುಟುಕ್ಕೆಂದಿತು.

ತಮ್ಮ ತುತ್ತನ್ನು ತಟ್ಟೆಗೆ ಇಳಿಸಿದ.