ಮಿದುಳನ್ನು ಕೇಳದ ಕೈ

ಮಿದುಳು ಸತ್ತಿದೆಯೇ ಎಂದು ಉಸಿರಾಟದ ಯಂತ್ರ ಕಳಚಿ ನೋಡುವ ಪರೀಕ್ಷೆಗೆ ಮನೆಯವರನ್ನೂ ಒಳಗೆ ಕರೆಯುವುದು ಉತ್ತರ ನಾರ್ವೆಯ ಆ ಆಸ್ಪತ್ರೆಯ ರೂಢಿ. ಎದೆ ಏಳದಿರುವುದನ್ನು ಕಣ್ಣಾರೆ ಕಂಡವರು ಸಾವನ್ನು ಬೇಗ ಒಪ್ಪುತ್ತಾರೆ ಎಂಬುದು ಅಲ್ಲಿಯವರ ಅನುಭವ. ಹಾಗಾಗಿ ಐವಿಂದ್ ಮತ್ತು ಅವನ ಹೆಂಡತಿ ಗುನ್ವೋರ್ ಮಗಳು ಸುನ್ನಿವಾಳ ಮಂಚದ ಆಚೀಚೆ ನಿಂತಿದ್ದರು.

ಸುನ್ನಿವಾ ಹ್ಯಾಂಡ್‌ಬಾಲ್ ಆಡುತ್ತಿದ್ದಾಗ ಕುಸಿದು ಬಿದ್ದಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಮಿದುಳಿಗೆ ರಕ್ತ ಹೋಗುತ್ತಿಲ್ಲವೆಂದು ಸ್ಕ್ಯಾನ್ ಆಗಲೇ ತೋರಿಸಿತ್ತು. ತಾನು ಸತ್ತರೆ ಅಂಗಗಳನ್ನು ಬೇಕಾದವರಿಗೆ ಕೊಟ್ಟುಬಿಡಿ ಎಂದು ಅವಳೇ ಹಿಂದೊಮ್ಮೆ ಊಟದ ಮೇಜಿನಲ್ಲಿ ಹೇಳಿದ್ದಳು. ಗುನ್ವೋರ್ ನಿನ್ನೆ ಅದಕ್ಕೆ ಒಪ್ಪಿದ್ದಳು. ಮಗಳು ನಿಜಕ್ಕೂ ಹೋಗಿದ್ದಾಳೆಂದು ಖಚಿತವಾದರೆ ಮಾತ್ರ.

ಯಂತ್ರ ಕಳಚಿದರು. ಎದೆ ಏಳಲಿಲ್ಲ. ಡಾಕ್ಟರ್ ಮಾರಿತ್ ಗಡಿಯಾರ ನೋಡುತ್ತಿದ್ದರು. ಆಗ ಸುನ್ನಿವಾಳ ಬಲಗೈ ಮೆಲ್ಲಗೆ ಎದ್ದು, ಮೊಣಕೈಯಲ್ಲಿ ಮಡಚಿಕೊಂಡು, ಎದೆಯ ಮೇಲೆ ಬಂದು ಬಿತ್ತು.

"ನೋಡಿದ್ಯಾ? ನನ್ನ ಹುಡುಕ್ತಿದಾಳೆ," ಎಂದಳು ಗುನ್ವೋರ್. "ಹಾಕಿ ಅದನ್ನ ವಾಪಸ್. ನಾನು ಯಾವುದಕ್ಕೂ ಒಪ್ಪಿಲ್ಲ."

ಪರೀಕ್ಷೆ ಮುಗಿಯುವವರೆಗೂ ಎದೆ ಏಳಲಿಲ್ಲ. ಯಂತ್ರವನ್ನು ಮತ್ತೆ ಜೋಡಿಸಿದರು. "ಅದು ಬೆನ್ನುಹುರಿಯ ಕೆಲಸ, ಗುನ್ವೋರ್," ಎಂದರು ಮಾರಿತ್. "ಹೀಗಾಗಬಹುದು ಅಂತ ಮೊದಲೇ ಹೇಳಬೇಕಿತ್ತು. ಮರೆತೆ, ತಪ್ಪು ನನ್ನದು."

"ಈಗ ಹೇಳ್ತೀರಿ." ಗುನ್ವೋರ್ ಗಂಡನ ಕಡೆ ತಿರುಗಿದಳು. "ಇವರ ಮಾತು ಬೇಡ. ನೀನು ಹೇಳು. ಊರ ಮಕ್ಕಳಿಗೆಲ್ಲ ಹೇಳ್ಕೊಡ್ತೀಯಲ್ಲ."

ಐವಿಂದ್ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಒಂದು ವರ್ಷ ಬೆನ್ನುಹುರಿಯ ಪಾಠಕ್ಕೆ ಮಗಳನ್ನೇ ಮೇಜಿನ ಮೇಲೆ ಕೂರಿಸಿ ಮಂಡಿಯ ಕೆಳಗೆ ತಟ್ಟಿದ್ದ. ಕಾಲು ಹಾರಿತ್ತು. ಸುದ್ದಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ತಿರುಗುತ್ತದೆ, ಮಿದುಳನ್ನು ಯಾರೂ ಕೇಳುವುದಿಲ್ಲ ಎಂದು ವಿವರಿಸಿದ್ದ.

"ಹಂಗಾದ್ರೆ ಸುನ್ನಿವಾಗೆ ತಲೆ ಇಲ್ದಿದ್ರೂ ನಡೆಯುತ್ತೆ," ಎಂದಿದ್ದ ಹಿಂದಿನ ಬೆಂಚಿನವನೊಬ್ಬ.

"ಕೋಳಿಗೆ ನಡೆಯುತ್ತಲ್ಲ, ಹಾಗೇ," ಎಂದು ಐವಿಂದ್ ತರಗತಿಯನ್ನು ನಗಿಸಿದ್ದ. ಮಗಳು ಎಷ್ಟೋ ದಿನ ಮಾತು ಬಿಟ್ಟಿದ್ದಳು.

ಈಗ ಗೊತ್ತಿಲ್ಲ ಎಂದುಬಿಟ್ಟರೆ ಹೆಂಡತಿಗೆ ಇನ್ನೊಂದಷ್ಟು ಹೊತ್ತು ಮಗಳು ಸಿಗುತ್ತಿದ್ದಳು. ತನಗೂ. ಆದರೆ ಅಂಗಗಳನ್ನು ಕೊಟ್ಟುಬಿಡಿ ಎಂದಿದ್ದ ಸುನ್ನಿವಾಳ ಮಾತು ನೀರುಪಾಲಾಗುತ್ತಿತ್ತು.

ಅವನು ಗುನ್ವೋರಳನ್ನು ಕುರ್ಚಿಯಲ್ಲಿ ಕೂರಿಸಿದ. ಕಾಲ ಮೇಲೆ ಕಾಲು ಹಾಕಿಸಿ, ಮಂಡಿಯ ಕೆಳಗೆ ಅಂಗೈಯ ಅಂಚಿನಿಂದ ತಟ್ಟಿದ. ಅವಳ ಪಾದ ಮೇಲಕ್ಕೆ ಹಾರಿತು.

"ನೀನು ಎತ್ತಿದ್ಯಾ?"

"ಇಲ್ಲ."

"ಅವಳೂ ಎತ್ತಲಿಲ್ಲ."

ಗುನ್ವೋರ್ ಬೇರೆ ಯಾರದೋ ಎಂಬಂತೆ ತನ್ನ ಕಾಲನ್ನು ನೋಡುತ್ತ ಕೂತಳು. ಮಾರಿತ್ ಕಿಟಕಿಯತ್ತ ತಿರುಗಿಕೊಂಡರು.

"ಕೋಳಿ ಅಂದಿದ್ದೆ ನೀನು ಅವಳನ್ನ," ಎಂದಳು ಗುನ್ವೋರ್ ಕೊನೆಗೆ.

"ಅಂದಿದ್ದೆ."

"ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗೋಕೆ ಹೇಳು. ಬಾಗಿಲವರೆಗೂ ಕೈ ಹಿಡ್ಕೊಂಡಿರ್ತೀನಿ."

ಅವಳು ಎದ್ದು ಮಗಳ ಮಣಿಕಟ್ಟು ಹಿಡಿದಳು. ಅವಳ ಬೆರಳು ಇನ್ನೂ ಮಿಡಿಯುತ್ತಿದ್ದ ನಾಡಿಯ ಮೇಲೇ ಇತ್ತು. ಹೃದಯವೂ ತನ್ನ ಬಡಿತಕ್ಕೆ ಮಿದುಳನ್ನು ಕೇಳುವುದಿಲ್ಲ. ಅದನ್ನು ಐವಿಂದ್ ಹೇಳಲಿಲ್ಲ.