ಫೋರ್ ವೀಲ್ ಗಾಡಿಗೆ ಎರಡೇ ಟೈರು

"ಅಪ್ಪಾ, ಒಂದಿನ ನಾನೂ ಓಟಕ್ಕೆ ಇಳೀತೀನಿ. ನಿನ್ನ ಕಣ್ಮುಂದೇನೇ ಗೆದ್ದು ತೋರಿಸ್ತೀನಿ, ನೋಡ್ತಿರು."

ಮೀಸೆ ಚಿಗುರುವ ವಯಸ್ಸಿನಲ್ಲಿ ನನ್ನ ಗಂಡ ಕೆಂಪರಾಜ್ ತಮ್ಮ ತಂದೆಗೆ ಕೊಟ್ಟ ಮಾತು ಇದು. ನಮ್ಮ ಮಾವ ಮುನಿವೆಂಕಟಪ್ಪನವರು ಆಗ ಎತ್ತಿನ ಗಾಡಿ ಓಟದಲ್ಲಿ ಹೆಸರು ಮಾಡಿದ್ದರು. ಕೆ.ಆರ್.ಪುರದ ಆಚೆ ಈಗ ಅಪಾರ್ಟ್‌ಮೆಂಟ್ ಎದ್ದಿರುವ ಜಾಗವೆಲ್ಲ ಆಗ ನಮ್ಮವರ ರಾಗಿ ಹೊಲ. ಹೊಲ ಹೋಯಿತು, ಎತ್ತುಗಳೂ ಹೋದವು. ಈಗ ನಮ್ಮದು ಶಾಮಿಯಾನದ ವ್ಯಾಪಾರ. ಕುರ್ಚಿ, ಪಾತ್ರೆ ಸಾಗಿಸಲು ಒಂದು ಫೋರ್ ವೀಲ್ ಪಿಕಪ್ ಇದೆ. ಬೇಕೆಂದಾಗ ಒಂದು ಲಿವರ್ ಹಾಕಿದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವಂಥ ಗಾಡಿ.

ಈ ವರ್ಷ ಮಾವನ ಕಣ್ಣು ಮಂಜಾಗುತ್ತಾ ಬಂತು. ಮುಂದಿನ ವರ್ಷದ ಹೊತ್ತಿಗೆ ಎಷ್ಟು ಕಾಣುತ್ತದೋ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅದೇ ಸಮಯಕ್ಕೆ ನಗರದ ಹೊರಗಿನ ಟ್ರ್ಯಾಕ್‌ನಲ್ಲಿ ಡ್ರ್ಯಾಗ್ ರೇಸ್ ಇದೆಯೆಂದು ಗೊತ್ತಾಯಿತು. ನೇರ ದಾರಿಯಲ್ಲಿ ಎರಡೆರಡೇ ಗಾಡಿ ಬಿಟ್ಟು, ಯಾರು ಮೊದಲು ಗೆರೆ ಮುಟ್ಟುತ್ತಾರೆ ಎಂದು ನೋಡುವ ಓಟ. ಪಿಕಪ್‌ಗಳಿಗೂ ಅವಕಾಶವಿತ್ತು. ಕೆಂಪರಾಜ್ ಹೆಸರು ಕೊಟ್ಟೇಬಿಟ್ಟರು.

ಅಲ್ಲಿಂದ ಶುರುವಾಯಿತು ಟೈರಿನ ತಲೆನೋವು.

ಶಿವಾಜಿನಗರದ ಒಂದು ಅಂಗಡಿಯಲ್ಲಿ ಅಗಲ ಇದ್ದಷ್ಟೂ ಒಳ್ಳೆಯದು ಎಂದರು. ಪಕ್ಕದ ಅಂಗಡಿಯಲ್ಲಿ ಕೆಸರಿಗೆ ಹಾಕುವ ಟೈರೇ ಗಟ್ಟಿ ಎಂದರು. ಮೊಬೈಲ್‌ನಲ್ಲಿ ಒಬ್ಬ ಗಾಳಿ ಇಳಿಸು ಅನ್ನುತ್ತಾನೆ, ಇನ್ನೊಬ್ಬ ತುಂಬಿಸು ಅನ್ನುತ್ತಾನೆ. ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿ, ಅಕ್ಷರ ನೋಡಿ ನನಗಂತೂ ತಲೆಬುಡ ತಿಳಿಯಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳುವಾಗಲೂ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವವಳು ನಾನು.

ಓಟಕ್ಕೆ ಎರಡು ದಿನ ಇರುವಾಗ ಕೆಂಪರಾಜ್ ಎರಡು ದಪ್ಪ ಟೈರು ತಂದು ಮನೆ ಮುಂದೆ ಉರುಳಿಸಿದರು.

"ರೀ, ಗಾಡಿಗೆ ನಾಲ್ಕು ಚಕ್ರ ಅಲ್ವಾ?"

"ಹಿಂದಕ್ಕೆ ಮಾತ್ರ ಕಣೆ ಭವ್ಯ. ನಮ್ಮ ಹಳೇ ಟ್ರ್ಯಾಕ್ಟರ್ ನೋಡಿಲ್ವಾ? ಹಿಂದೆ ದೊಡ್ಡದು, ಮುಂದೆ ಚಿಕ್ಕದು. ಎಳೆಯೋ ದಮ್ಮೆಲ್ಲ ಹಿಂದೇನೇ ಇರೋದು."

ಸರಿಯೇ ಅನ್ನಿಸಿತು. ನಮ್ಮ ಬೀದಿಯವರೆಲ್ಲ ಟ್ರ್ಯಾಕ್ಟರ್ ನೋಡಿಯೇ ಬೆಳೆದವರು. ಕೇಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.

ಅತ್ತೆ ಆಂಜನಮ್ಮನವರದು ಬೇರೆಯೇ ಚಿಂತೆ. "ಹೊಸ ಟೈರ್ ಹಾಕಿ ಮುನೇಶ್ವರನ ಗುಡಿಗೆ ಒಂದು ಸುತ್ತು ಹೋಗ್ದೆ ಓಡಿಸ್ಬಾರ್ದು. ಬೆಳಿಗ್ಗೆ ಎಲ್ರೂ ಅದ್ರಲ್ಲೇ ಹೋಗೋಣ. ಮಕ್ಕಳನ್ನೂ ರೆಡಿ ಮಾಡಮ್ಮ."

ಶನಿವಾರ ಬೆಳಿಗ್ಗೆ ತುಂತುರು ಮಳೆ. ಕೆಂಪರಾಜ್ ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟು ಕೂತಿದ್ದರು. ಅಷ್ಟರಲ್ಲಿ ರಿಚರ್ಡ್ಸ್ ಟೌನ್‌ನಿಂದ ನನ್ನ ಗೆಳತಿ ಆತಿಕಾ ಬಂದಳು. ಅವಳ ತಮ್ಮನ ಮದುವೆಗೆ ಕುರ್ಚಿ ಬೇಕಿತ್ತು. ಆತಿಕಾಗೆ ವಾರವೆಲ್ಲ ಬ್ಯಾಂಕಿನಲ್ಲಿ ಕೆಲಸ. ರೇಸ್ ಇದ್ದಾಗ ಟ್ರ್ಯಾಕ್‌ನಲ್ಲಿ ಗಾಡಿಗಳ ಟೈರು, ಬ್ರೇಕು ನೋಡಿ ಒಳಗೆ ಬಿಡುವುದು ಅವಳೇ.

"ಅಣ್ಣಾ, ಇದನ್ನ ಹಾಕ್ಕೊಂಡು ಎಲ್ಲಿಗೆ?"

"ಗುಡಿಗೆ."

"ಈ ಮಳೇಲಿ? ಮಕ್ಕಳನ್ನ ಕೂರಿಸ್ಕೊಂಡು? ಯಾ ಅಲ್ಲಾ! ನಿಲ್ಸಿ ಮೊದ್ಲು."

ಕೆಂಪರಾಜ್‌ಗೆ ರೇಗಿತು. "ಬ್ಯಾಂಕ್‌ನೋರು ಟೈರ್ ಬಗ್ಗೇನೂ ಕ್ಲಾಸ್ ತಗೋತೀರೇನಮ್ಮ?"

"ಕ್ಲಾಸ್ ಬೇಡ, ಕೈ ಇಡಿ ಇಲ್ಲಿ. ಗೀರು ಎಲ್ಲಿದೆ ತೋರ್ಸಿ. ಒಂದೋ ಎರಡೋ ಇದೆ ಅಷ್ಟೆ. ರಬ್ಬರ್ ಮೆತ್ತಗಿದೆ, ಒಣಗಿರೋ ಟ್ರ್ಯಾಕಲ್ಲಿ ಅಂಟಿನ ಥರ ಹಿಡಿಯುತ್ತೆ. ಒದ್ದೆ ರೋಡಲ್ಲಿ ನೀರು ಆಚೆ ಹೋಗೋಕೆ ದಾರೀನೇ ಇಲ್ಲ. ಬ್ರೇಕ್ ಹಾಕಿದ್ರೂ ಗಾಡಿ ಜಾರ್ಕೊಂಡು ಹೋಗ್ತಾ ಇರುತ್ತೆ."

"ಸರಿ, ಟ್ರ್ಯಾಕಲ್ಲೇ ಹಾಕ್ಕೋತೀನಿ ಬಿಡು."

"ಎರಡೇ ಹಾಕ್ಕೊಂಡು ಬಂದ್ರೆ ನಾನೇ ವಾಪಸ್ ಕಳಿಸ್ತೀನಿ. ಇವು ನಿಮ್ಮ ಮುಂದಿನ ಟೈರ್‌ಗಿಂತ ಎತ್ತರ ಇವೆ."

"ನಮ್ಮ ಟ್ರ್ಯಾಕ್ಟರಲ್ಲಿ..."

"ನಿಮ್ಮ ಹಳೇ ಟ್ರ್ಯಾಕ್ಟರಲ್ಲಿ ಎಂಜಿನ್ ತಿರುಗಿಸ್ತಿದ್ದಿದ್ದು ಹಿಂದಿನ ಚಕ್ರ ಮಾತ್ರ. ಮುಂದಿನದು ಸುಮ್ನೆ ಉರುಳ್ತಿತ್ತು. ಇದ್ರಲ್ಲಿ ಫೋರ್ ವೀಲ್ ಹಾಕಿದ ಕೂಡ್ಲೇ ಮುಂದಿಂದೂ ಹಿಂದಿಂದೂ ಕಟ್ಟಿಹಾಕಿದ ಹಾಗೆ. ಚಿಕ್ಕದು ಜಾಸ್ತಿ ಸುತ್ತಬೇಕು, ದೊಡ್ಡದು ಕಮ್ಮಿ. ಆದ್ರೆ ಒಳಗಿನ ಗೇರು ಹಾಗೆ ಸುತ್ತೋಕೆ ಬಿಡಲ್ಲ. ಕೊನೆಗೆ ಅದೇ ಮುರಿಯೋದು."

ಕೆಂಪರಾಜ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಅರ್ಥವಾಗಿರಲಿಲ್ಲ.

ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಮಾವ ಬಾಯಿಬಿಟ್ಟರು. "ಯಮ್ಮಾ, ಒಂದೇ ನೊಗಕ್ಕೆ ಎತ್ತರದ ಎತ್ತು, ಗಿಡ್ಡ ಎತ್ತು ಕಟ್ಟಿದಂಗಾ?"

"ಅದೇ ತಾತಾ!"

"ಲೋ ಕೆಂಪ, ಹಂಗೆ ಕಟ್ಟಿದ್ರೆ ನೊಗ ಮುರಿಯುತ್ತೆ, ಇಲ್ಲಾ ಎತ್ತಿನ ಕತ್ತು ಹೋಗುತ್ತೆ. ನಾನು ಜೋಡಿ ಹುಡುಕ್ಕೊಂಡು ಊರೂರು ಅಲೀತಿದ್ದಿದ್ದು ಯಾಕೆ ಅಂದ್ಕೊಂಡೆ?"

ಕೆಂಪರಾಜ್ ನಿಧಾನವಾಗಿ ಜಾಕ್ ಇಳಿಸಿದರು. "ಓಟ ನಾಳೆ ಇದೆ. ಈಗೇನ್ ಮಾಡ್ಲಿ?"

"ನಾಲ್ಕೂ ಒಂದೇ ಅಳತೇದು, ಪಿಕಪ್ಪಿನ ಭಾರ ತಡೆಯೋದು ತರಿಸೋಕೆ ಟೈಮ್ ಬೇಕು. ನಾಳೆಗೆ ಮಾಮೂಲಿ ಟೈರಲ್ಲೇ ಓಡ್ಸಿ. ನಾಲ್ಕೂ ಒಂದೇ ಥರ ಇವೆ, ಗೀರೂ ಚೆನ್ನಾಗಿವೆ. ಡ್ರೈವರ್ ಬಾಗಿಲ ಹತ್ರ ಅಂಟಿಸಿರೋ ಚೀಟಿ ನೋಡಿ ಗಾಳಿ ಹಿಡಿಸಿ, ಮೊಬೈಲ್ ನೋಡಿ ಅಲ್ಲ. ಓಟ ಶುರುವಾಗೋ ಗೆರೆ ಹತ್ರ ಫೋರ್ ವೀಲ್ ಹಾಕಿ. ಮುಗಿದ ಮೇಲೆ ಗಾಡಿ ತಿರುಗಿಸೋ ಮುಂಚೆ ತೆಗೀರಿ."

"ಗೆಲ್ತೀನಾ?"

"ಇಲ್ಲ ಅಣ್ಣ."

ಅತ್ತೆ ಎದ್ದರು. "ಮುನೇಶ್ವರ ಎಲ್ಲಿಗೂ ಹೋಗಲ್ಲ. ಹಳೇ ಟೈರಿಗೇ ಇಲ್ಲೇ ಪೂಜೆ ಮಾಡೋಣ" ಎಂದು ಒಳಗೆ ಹೋಗಿ ನಾಲ್ಕು ನಿಂಬೆಹಣ್ಣು ತಂದರು. ಬುಟ್ಟಿಯೆಲ್ಲ ಕೆದಕಿ ನಾಲ್ಕೂ ಒಂದೇ ಗಾತ್ರದ್ದು ಆರಿಸಿದ್ದರು.

ಭಾನುವಾರ ಮಳೆ ಇರಲಿಲ್ಲ, ಟ್ರ್ಯಾಕ್ ಒಣಗಿತ್ತು. ಬೇಲಿಯ ಪಕ್ಕ ನಮ್ಮದೇ ಕುರ್ಚಿ ಹಾಕಿ ಮಾವನನ್ನು ಕೂರಿಸಿದೆ. ಎರಡು ಗಾಡಿ ಹೊರಟವು.

"ನಮ್ದು ಯಾವುದಮ್ಮ?"

"ಹಿಂದೆ ಬರ್ತಿರೋದು ಮಾವ."

"ಅದಾ? ಕಾಣಿಸ್ತು ಬಿಡು. ಮುಂದಿಂದು ಸರ್ರಂತ ಹೋಯ್ತು, ಅದೇ ಕಾಣಿಸ್ಲಿಲ್ಲ."

ಇದನ್ನು ಓದುತ್ತಿರುವ ಅಣ್ಣಂದಿರೇ, ತಮ್ಮಂದಿರೇ, ನಿಮ್ಮ ಮನೆಯಲ್ಲೂ ಹೀಗೊಬ್ಬರು ಆಸೆಗಾರರಿದ್ದರೆ ಬೈದು ಕೂರಿಸಬೇಡಿ, ವಿಷಯ ತಿಳಿಸಿ. ಫೋರ್ ವೀಲ್ ಗಾಡಿಗೆ ಹಾಕಿದರೆ ನಾಲ್ಕೂ ಒಂದೇ ಅಳತೆಯ ಟೈರು ಹಾಕಿ. ರೇಸ್ ಟೈರನ್ನು ಗಾಡಿಯ ಹಿಂದೆ ಹೊತ್ತು ಒಯ್ದು ಟ್ರ್ಯಾಕ್‌ನಲ್ಲೇ ಹಾಕಿ, ಅಲ್ಲಿಯೇ ಬಿಚ್ಚಿ, ಮಾಮೂಲಿ ಟೈರಿನಲ್ಲಿ ಮನೆಗೆ ಬನ್ನಿ. ರಿಂಗ್ ರೋಡು, ಹಲಸೂರಿನ ಬೀದಿ ಎಷ್ಟೇ ಖಾಲಿ ಇರಲಿ, ರಸ್ತೆಯಲ್ಲಿ ರೇಸ್ ಬೇಡವೇ ಬೇಡ. ಅರ್ಥವಾಗದಿದ್ದರೆ ನಾಚಿಕೊಳ್ಳಬೇಡಿ, ತಿಳಿದವರನ್ನು ಇನ್ನೊಂದು ಸಲ ಕೇಳಿ. ನಮಗೂ ಒಂದೇ ಸಲಕ್ಕೆ ಅರ್ಥವಾಗಲಿಲ್ಲ.

ಅಂದು ನಾವೆಲ್ಲ ಅದೇ ಗಾಡಿಯಲ್ಲಿ ಮನೆಗೆ ಬಂದೆವು. ಅಪ್ಪನ ಕಣ್ಣೆದುರು ಗೆದ್ದು ತೋರಿಸುತ್ತೇನೆ ಎಂದು ಕೆಂಪರಾಜ್ ಕೊಟ್ಟಿದ್ದ ಮಾತು ಈಡೇರಲಿಲ್ಲ.